ಏರ್ ರೈಫಲಿನ ಸ್ಕೋಪ್ ಹಿಂದಕ್ಕೆ ಜಾರುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನ ಹತ್ತಿರ ಸ್ಪ್ರಿಂಗಿನ .177 (ಬ್ಯಾರಲ್ಲಿನ ಒಳಗಲ, ಇಂಚಿನಲ್ಲಿ) ಬ್ರೇಕ್ ಬ್ಯಾರಲ್ ಏರ್ ರೈಫಲ್ ಇದೆ, ಬ್ಯಾರಲ್ ಬಗ್ಗಿಸಿ ಪೆಲೆಟ್ ಹಾಕುವಂಥದ್ದು. ತೋಟದ ಮನೆಯ ಹಿಂದೆ 20 ಮೀಟರ್ ದೂರದಲ್ಲಿ ಕಾಗದದ ಗುರಿ ಕಟ್ಟಿ ಹೊಡೆಯುತ್ತೇನೆ. ಮೂರು ತಿಂಗಳ ಹಿಂದೆ 3-9×40 ಸ್ಕೋಪ್ (ಗುರಿಯನ್ನು 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನು) ತಗೊಂಡೆ. ಅದರ ಜೊತೆ ಬಂದ, ಸ್ಕೋಪನ್ನು ಹಿಡಿಯುವ ರಿಂಗ್‌ಗಳು ರೈಫಲಿನ ಮೇಲಿರುವ ರೈಲಿನ (ಪಟ್ಟಿಯ) ಮೇಲೆ ಸ್ವಲ್ಪ ಸಡಿಲ ಇದ್ದವು. ಅಂಗಡಿಯವರು ಸೈಕಲ್ ಟ್ಯೂಬಿನ ತುಂಡು ಇಟ್ಟು ಬಿಗಿ ಮಾಡಿ ಕೊಟ್ಟರು. ಮೊದಲ ದಿನ ಎಲ್ಲ ಚೆನ್ನಾಗಿತ್ತು. ಈಗ ಪೆಲೆಟ್ ಎಲ್ಲೆಲ್ಲೋ ಹೋಗುತ್ತಿದೆ. ಮೊನ್ನೆ ಸ್ಕೋಪಿನ ಹಿಂಭಾಗ ಹುಬ್ಬಿಗೆ ಬಡಿಯಿತು. ಸ್ಕೋಪ್ ಕೆಟ್ಟಿದೆಯಾ? ಟೆಕ್ಸಾಸಿನಲ್ಲಿರುವ ನಮ್ಮ ಭಾವನ .308 ರೈಫಲಿನಲ್ಲಿ ಪಿಕಾಟಿನ್ನಿ ರೈಲ್ ಇದೆ, ಒಂದು ಸಲವೂ ಜಾರಿಲ್ಲವಂತೆ. ನಾನೂ ಅಡಾಪ್ಟರ್ ತಂದು ಪಿಕಾಟಿನ್ನಿ ಮಾಡಿಸಿಕೊಂಡರೆ ಸರಿ ಹೋಗುತ್ತಾ?

ಉತ್ತರ: ಹುಬ್ಬಿಗೆ ಬಡಿಯಿತು ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ. ಸ್ಕೋಪ್ ಹಾಕಿದ ದಿನ ಬಡಿಯದೆ ಇದ್ದದ್ದು ಈಗ ಬಡಿಯುತ್ತಿದೆ ಅಂದರೆ ಅದು ನಿಮ್ಮ ಕಣ್ಣಿನ ಕಡೆಗೆ ಸರಿದಿದೆ. ಹಾಗಾಗಿ ಸ್ಕೋಪನ್ನು ಈಗಲೇ ದೂರಬೇಡಿ. ಅದರೊಳಗಿನ ಗಾಜು, ಕ್ರಾಸ್‌ಹೇರ್ (ಗುರಿ ಹಿಡಿಯುವ ಅಡ್ಡ, ಉದ್ದ ಗೆರೆ) ಎಲ್ಲ ಸರಿಯಾಗಿಯೇ ಇರಬಹುದು. ತಪ್ಪು ಇರುವುದು ರೈಫಲ್ ಮತ್ತು ಸ್ಕೋಪ್ ಸೇರುವ ಜಾಗದಲ್ಲಿ. ಜನ ಸ್ಕೋಪಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ, ರಿಂಗ್ ಮಾತ್ರ ಪುಕ್ಕಟೆ ಬಂದದ್ದೇ ಸಾಕು ಅನ್ನುತ್ತಾರೆ. ನನ್ನ ಕೈಗೆ ರಿಪೇರಿಗೆ ಬರುವ ಏರ್ ರೈಫಲ್‌ಗಳಲ್ಲಿ ಈ ತೊಂದರೆಯೇ ಜಾಸ್ತಿ.

ಮೊದಲು ಅದು ಹಿಂದಕ್ಕೇ ಯಾಕೆ ಜಾರುತ್ತದೆ ಅಂತ ನೋಡೋಣ. ಇದು ಗೊತ್ತಾದರೆ ಮುಂದಿನ ಕೆಲಸವೆಲ್ಲ ತಾನಾಗಿ ಅರ್ಥವಾಗುತ್ತದೆ.

ಭಾವನ .308ರಲ್ಲಿ ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ. ಒಂದೇ ದಿಕ್ಕಿನ ಒದೆತ. ಸ್ಕೋಪು ಇದ್ದಲ್ಲೇ ಉಳಿಯಲು ನೋಡುವುದರಿಂದ, ರೈಫಲಿಗೆ ಹೋಲಿಸಿದರೆ ಅದು ಮುಂದಕ್ಕೆ ಜಾರುವ ಕಡೆಗೇ ಇರುತ್ತದೆ. ನಿಮ್ಮ ಸ್ಪ್ರಿಂಗ್ ರೈಫಲಿನ ಕಥೆ ಬೇರೆ. ಟ್ರಿಗರ್ ಎಳೆದ ಕೂಡಲೇ ಸ್ಪ್ರಿಂಗ್ ಒಂದು ಭಾರದ ಪಿಸ್ಟನ್ನನ್ನು ಮುಂದಕ್ಕೆ ದಬ್ಬುತ್ತದೆ. ಪಿಸ್ಟನ್ ಮುಂದೆ ಓಡುವಾಗ ರೈಫಲ್ ಹಿಂದಕ್ಕೆ ಬರುತ್ತದೆ. ಮರುಕ್ಷಣವೇ ಪಿಸ್ಟನ್ ಕೊಳವೆಯ ತುದಿ ಮುಟ್ಟಿ ಗಕ್ಕನೆ ನಿಲ್ಲುತ್ತದೆ. ಆಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಜಗ್ಗುವಿಕೆ ತುಂಬ ಚುರುಕು. ನಿಂತ ಬಸ್ಸು ತಟ್ಟನೆ ಹೊರಟಾಗ ಕಂಬಿ ಹಿಡಿಯದೆ ನಿಂತವರು ಹಿಂದಕ್ಕೆ ವಾಲುತ್ತಾರಲ್ಲ, ಸ್ಕೋಪಿನ ಗತಿಯೂ ಹಾಗೆಯೇ. ಪ್ರತಿ ಪೆಲೆಟ್ಟಿಗೂ ಕೂದಲೆಳೆಯಷ್ಟು ಹಿಂದೆ ಸರಿದರೂ ಇನ್ನೂರು ಪೆಲೆಟ್ ಆಗುವಷ್ಟರಲ್ಲಿ ಹುಬ್ಬಿನ ಹತ್ತಿರ ಬಂದಿರುತ್ತದೆ.

ಈಗ ಆ ಸೈಕಲ್ ಟ್ಯೂಬು. ಅದನ್ನು ಇವತ್ತೇ ತೆಗೆಯಿರಿ. ರಬ್ಬರ್ ಇಟ್ಟಾಗ ಕೈಗೆ ಬಿಗಿಯಾಗಿದೆ ಅನ್ನಿಸುತ್ತದೆ, ನಿಜ. ಆದರೆ ರಬ್ಬರ್ ಅಮುಕಿಕೊಳ್ಳುತ್ತದೆ, ಮತ್ತೆ ಹಿಗ್ಗುತ್ತದೆ. ಪ್ರತಿ ಏಟಿಗೂ ರಿಂಗ್ ಸ್ವಲ್ಪ ಎದ್ದು ಕೂರುತ್ತದೆ, ಕೂತಾಗ ಹಳೇ ಜಾಗದಲ್ಲೇ ಕೂರುತ್ತದೆ ಅಂತ ಹೇಳಲಾಗದು. ನಿಮ್ಮ ಪೆಲೆಟ್ ಎಲ್ಲೆಲ್ಲೋ ಹೋಗುತ್ತಿರುವುದಕ್ಕೆ ಇದೇ ದೊಡ್ಡ ಕಾರಣ ಇರಬೇಕು. ಲೋಹದ ಮೇಲೆ ಲೋಹ ಕೂರಬೇಕು. ಮಧ್ಯೆ ರಬ್ಬರ್, ಕಾಗದ, ಟೇಪು ಏನೂ ಬೇಡ.

ಹಾಗಾದರೆ ರಿಂಗ್ ಯಾಕೆ ಸಡಿಲವಾಯಿತು? ಇಲ್ಲಿ ರೈಲಿನ ವಿಷಯ ಬರುತ್ತದೆ. ನಿಮ್ಮ ರೈಫಲಿನಲ್ಲಿ ಪಿಸ್ಟನ್ ಓಡುವ ಕೊಳವೆಯ ಮೇಲೆ ಉದ್ದಕ್ಕೆ ಎರಡು ತೋಡು ಕೊರೆದಿರುತ್ತಾರೆ. ಅದಕ್ಕೆ ಡವ್‌ಟೇಲ್ ಅನ್ನುತ್ತಾರೆ. ಮಾರುವಾಗ 11 ಮಿಲಿಮೀಟರ್ ಅಂತಾರೆ. ಆದರೆ ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಅಳತೆ ಅಂತಿಲ್ಲ. ಕೆಲವು ರೈಫಲ್‌ಗಳಲ್ಲಿ ಒಂಬತ್ತೂವರೆ ಮಿಲಿಮೀಟರ್ ಇರುತ್ತದೆ, ಕೆಲವದರಲ್ಲಿ 13 ದಾಟುತ್ತದೆ. ತೋಡಿನ ಇಳಿಜಾರೂ ಒಬ್ಬೊಬ್ಬ ತಯಾರಕರದು ಒಂದೊಂದು ಥರ. ಡಬ್ಬದ ಮೇಲೆ 11 ಅಂತ ಇದ್ದರೂ ರಿಂಗ್ ನಿಮ್ಮ ರೈಲಿಗೆ ಹೊಂದದೆ ಹೋಗಲು ಇದೇ ಕಾರಣ.

ಭಾವನ ರೈಲು ಅಂಥದ್ದಲ್ಲ. ಅಮೆರಿಕದ ಸೇನೆ 1995ರಲ್ಲಿ ಅದಕ್ಕೊಂದು ಪಕ್ಕಾ ಅಳತೆ ಗೊತ್ತು ಮಾಡಿತು. ನ್ಯೂಜೆರ್ಸಿಯ ಪಿಕಾಟಿನ್ನಿ ಆರ್ಸೆನಲ್ (ಸೇನೆಯ ಶಸ್ತ್ರಾಸ್ತ್ರ ಕೇಂದ್ರ) ಹೆಸರೇ ಆ ರೈಲಿಗೂ ಬಂತು. ಅಗಲ ಸುಮಾರು 21.2 ಮಿಲಿಮೀಟರ್. ಅಡ್ಡಕ್ಕೆ ಸಾಲಾಗಿ ಕಚ್ಚುಗಳಿರುತ್ತವೆ. ಒಂದೊಂದು ಕಚ್ಚು 5.23 ಮಿಲಿಮೀಟರ್ ಅಗಲ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 10 ಮಿಲಿಮೀಟರ್. ರಿಂಗಿನ ಅಡ್ಡ ಬೋಲ್ಟು ಆ ಕಚ್ಚಿನೊಳಗೆ ಇಳಿದು ಕೂರುತ್ತದೆ. ಅದಕ್ಕಿಂತ ಹಳೆಯದು ವೀವರ್ ರೈಲು. ನೋಡಲು ಹೆಚ್ಚುಕಮ್ಮಿ ಒಂದೇ ಥರ, ಆದರೆ ಅದರ ಕಚ್ಚು 4.57 ಮಿಲಿಮೀಟರ್, ಕಚ್ಚುಗಳ ನಡುವಿನ ದೂರವೂ ಎಲ್ಲದರಲ್ಲೂ ಸಮ ಇರಲ್ಲ. ವೀವರಿಗೆ ಮಾಡಿದ ರಿಂಗ್ ಸಾಮಾನ್ಯವಾಗಿ ಪಿಕಾಟಿನ್ನಿ ಮೇಲೆ ಕೂರುತ್ತದೆ. ಪಿಕಾಟಿನ್ನಿ ರಿಂಗಿನ ದಪ್ಪ ಬೋಲ್ಟು ವೀವರ್ ಕಚ್ಚಿಗೆ ಇಳಿಯದೆ ಇರಬಹುದು.

ಭಾವನ ಸ್ಕೋಪ್ ಜಾರದೆ ಇರುವುದು ಬೋಲ್ಟು ಬಿಗಿ ಇರುವುದರಿಂದ ಮಾತ್ರ ಅಲ್ಲ. ಆ ಕಚ್ಚಿನ ಗೋಡೆ ಅದನ್ನು ತಡೆದು ನಿಲ್ಲಿಸಿದೆ. ನಿಮ್ಮ ಡವ್‌ಟೇಲಿಗೆ ಅಂಥ ಗೋಡೆ ಇಲ್ಲ, ಬರೀ ಹಿಡಿತದ ಬಲ. ಈಗ ಅಡಾಪ್ಟರ್ ಹಾಕಿದರೆ ಏನಾಗುತ್ತದೆ ಯೋಚಿಸಿ. ಅಡಾಪ್ಟರಿನ ಮೇಲ್ಭಾಗ ಪಿಕಾಟಿನ್ನಿ, ಅಲ್ಲಿ ರಿಂಗ್ ಗಟ್ಟಿಯಾಗಿ ಕೂರುತ್ತದೆ. ಆದರೆ ಅಡಾಪ್ಟರಿನ ಕೆಳಭಾಗ ಹಿಡಿದುಕೊಳ್ಳುವುದು ಅದೇ ನಯವಾದ ಡವ್‌ಟೇಲನ್ನು ತಾನೆ? ಸ್ಕೋಪ್, ರಿಂಗ್, ಅಡಾಪ್ಟರ್ ಮೂರೂ ಒಟ್ಟಿಗೆ ಜಾರುತ್ತವೆ. ಜೊತೆಗೆ ಇನ್ನೊಂದು ಕೀಲು ಹೆಚ್ಚಾಯಿತು, ಸ್ಕೋಪ್ ಎತ್ತರಕ್ಕೆ ಹೋಗಿ ಕೆನ್ನೆ ರೈಫಲಿನ ಹಿಂದಿನ ಮರದ ಭಾಗಕ್ಕೆ ತಾಗದಂತಾಯಿತು. ದುಡ್ಡು ದಂಡ. ರೈಫಲ್ ತಯಾರಾಗುವಾಗಲೇ ಪಿಕಾಟಿನ್ನಿ ಹಾಕಿ ಕಳಿಸಿದ್ದರೆ ಮಾತು ಬೇರೆ. ಆಗಲೂ ಆ ರೈಲನ್ನು ಹಿಡಿದಿರುವ ಸ್ಕ್ರೂ ಗಟ್ಟಿ ಇದೆಯಾ ನೋಡಬೇಕು.

ನಿಮಗೆ ಬೇಕಾಗಿರುವುದು ಸ್ಟಾಪ್ ಪಿನ್ (ಜಾರದಂತೆ ತಡೆಯುವ ಮೊಳೆ) ಇರುವ, ಒಂದೇ ತುಂಡಿನ ಡವ್‌ಟೇಲ್ ಮೌಂಟ್, ಅಂದರೆ ಎರಡೂ ರಿಂಗ್ ಒಂದೇ ತಳಕ್ಕೆ ಸೇರಿರುವಂಥದ್ದು. ಎರಡು ಬಿಡಿ ರಿಂಗ್ ಬೇಡ. ಒಂದೇ ತುಂಡಿನದಕ್ಕೆ ಸ್ಕ್ರೂ ಜಾಸ್ತಿ, ರೈಲಿನ ಮೇಲೆ ಹಿಡಿತದ ಉದ್ದವೂ ಜಾಸ್ತಿ. ಕೊಳ್ಳುವ ಮುಂಚೆ ವರ್ನಿಯರ್ ಹಿಡಿದು ನಿಮ್ಮ ಡವ್‌ಟೇಲಿನ ಅಗಲ ಅಳೆಯಿರಿ. ವರ್ನಿಯರ್ ಇಲ್ಲದಿದ್ದರೆ ಹತ್ತಿರದ ಲೇತ್ ವರ್ಕ್‌ಶಾಪಿನಲ್ಲಿ ಎರಡು ನಿಮಿಷದ ಕೆಲಸ. ಸ್ಕೋಪಿನ ಕೊಳವೆ 25.4 ಮಿಲಿಮೀಟರಿನದಾ, 30ರದಾ ಅಂತಲೂ ನೋಡಿಕೊಳ್ಳಿ. 3-9×40ರಲ್ಲಿ ಹೆಚ್ಚಿನವು 25.4, ಅಂದರೆ ಒಂದು ಇಂಚು.

ಕೆಲಸ ಶುರು ಮಾಡುವ ಮುಂಚೆ ಬ್ಯಾರಲ್ ಸ್ವಲ್ಪ ಬಗ್ಗಿಸಿ ಪೆಲೆಟ್ ಇಲ್ಲ ಅಂತ ಕಣ್ಣಾರೆ ನೋಡಿ. ಕಾಕ್ ಮಾಡಿದ (ಸ್ಪ್ರಿಂಗ್ ಅಮುಕಿ ಹೊಡೆಯಲು ಸಜ್ಜಾದ) ರೈಫಲಿನ ಮೇಲೆ ಸ್ಕ್ರೂ ಡ್ರೈವರ್ ಇಡಲೇಬಾರದು.

ಮೊದಲು ಎಣ್ಣೆ ಒರೆಸಿ. ಸ್ಪಿರಿಟ್ಟಿನಲ್ಲಿ ಬಟ್ಟೆ ಅದ್ದಿ ಡವ್‌ಟೇಲಿನ ತೋಡು, ಮೌಂಟಿನ ದವಡೆ, ರಿಂಗಿನ ಒಳಮೈ, ಸ್ಕ್ರೂ ಎಲ್ಲ ಒಣಗುವ ತನಕ ಉಜ್ಜಿ. ತುಕ್ಕು ಬಾರದಿರಲಿ ಅಂತ ನಾವು ಹಚ್ಚುವ ಎಣ್ಣೆಯೇ ಇಲ್ಲಿ ಶತ್ರು. ಆಮೇಲೆ ಒಂದು ಪರೀಕ್ಷೆ ಮಾಡಿ. ಡವ್‌ಟೇಲಿನ ಎರಡೂ ಬದಿಗೆ ಮಾರ್ಕರ್ ಪೆನ್ನಿನಲ್ಲಿ ಮಸಿ ಬಳಿಯಿರಿ. ಒಣಗಿದ ಮೇಲೆ ಖಾಲಿ ಮೌಂಟ್ ಕೂರಿಸಿ ಬಿಗಿ ಮಾಡಿ, ಸ್ವಲ್ಪ ಅಲ್ಲಾಡಿಸಿ, ಬಿಚ್ಚಿ. ದವಡೆ ಉದ್ದಕ್ಕೂ ಹಿಡಿದಿದ್ದರೆ ಮಸಿ ಉದ್ದಕ್ಕೂ ತೆಳುವಾಗಿ ಕಿತ್ತಿರುತ್ತದೆ. ಎರಡು ಮೂರು ಚುಕ್ಕೆಯಷ್ಟೇ ಕಿತ್ತಿದ್ದರೆ ಆ ಮೌಂಟಿನ ಇಳಿಜಾರು ನಿಮ್ಮ ರೈಲಿಗೆ ಹೊಂದುವುದಿಲ್ಲ. ಎಷ್ಟೇ ಬಿಗಿದರೂ ಅದು ಚುಕ್ಕೆಯ ಮೇಲೆ ನಿಂತ ಹಾಗೆಯೇ. ಅಂಗಡಿಗೆ ವಾಪಸ್ ಕೊಟ್ಟು ಬೇರೆ ತಗೊಳ್ಳಿ. ಕೆಲವು ಮೌಂಟಿನ ಪಕ್ಕದ ಪಟ್ಟಿಯನ್ನು ಬಿಚ್ಚಿ ತಿರುಗಿಸಿ ಹಾಕಲು ಬರುತ್ತದೆ. ಒಂದು ಕಡೆ ಡವ್‌ಟೇಲಿಗೆ, ಇನ್ನೊಂದು ಕಡೆ ಅಗಲ ರೈಲಿಗೆ. ನಿಮ್ಮ ಹಳೇ ರಿಂಗ್‌ನಲ್ಲೂ ಹಾಗಿದೆಯಾ ಒಮ್ಮೆ ನೋಡಿ.

ಇನ್ನು ಪಿನ್ನು. ರೈಫಲಿನ ಕೊಳವೆಯ ಮೇಲೆ, ಡವ್‌ಟೇಲಿನ ಹಿಂಭಾಗದಲ್ಲಿ, ಒಂದೋ ಎರಡೋ ಮೂರೋ ಸಣ್ಣ ತೂತು ಕಾಣಬಹುದು. ತುಂಬ ಜನ ಅದನ್ನು ಎಣ್ಣೆ ಬಿಡುವ ತೂತು ಅಂದುಕೊಂಡಿದ್ದಾರೆ. ಅದು ಸ್ಟಾಪ್ ಪಿನ್ನಿಗಾಗಿಯೇ ಇರುವುದು. ಮೌಂಟಿನ ಮೇಲಿಂದ ಅಲೆನ್ ಕೀ ತಿರುಗಿಸಿದರೆ ಕೆಳಗಿನಿಂದ ಪಿನ್ ಹೊರಗೆ ಬರುತ್ತದೆ. ಅದನ್ನು ತೂತಿಗೆ ಇಳಿಸಿ. ಪಿನ್ ತೂತಿನ ತಳ ಮುಟ್ಟುವಷ್ಟು ಉದ್ದ ಬಿಡಬೇಡಿ. ತಳ ಮುಟ್ಟಿದರೆ ಅದೇ ಮೌಂಟನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ, ದವಡೆ ಕಚ್ಚುವುದೇ ಇಲ್ಲ. ತಳ ಮುಟ್ಟಿದ ಮೇಲೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೆ ಸಾಕು. ಆಮೇಲೆ, ಸ್ಕ್ರೂ ಬಿಗಿಯುವ ಮುಂಚೆ, ಇಡೀ ಮೌಂಟನ್ನು ಹೆಬ್ಬೆರಳಿನಲ್ಲಿ ಹಿಂದಕ್ಕೆ, ನಿಮ್ಮ ಕಡೆಗೆ, ಒತ್ತಿ. ಪಿನ್ ತೂತಿನ ಹಿಂದಿನ ಗೋಡೆಗೆ ತಾಗಿ ನಿಂತಿತು ಅಂತ ಬೆರಳಿಗೇ ಗೊತ್ತಾಗುತ್ತದೆ. ಹಾಗೆ ಒತ್ತಿ ಹಿಡಿದುಕೊಂಡೇ ಸ್ಕ್ರೂ ಬಿಗಿಯಿರಿ. ಭಾವನವರು ತಮ್ಮ .308ಕ್ಕೆ ಸ್ಕೋಪ್ ಹಾಕುವಾಗ ಇದರ ಉಲ್ಟಾ ಮಾಡಬೇಕು. ಬೋಲ್ಟನ್ನು ಕಚ್ಚಿನ ಮುಂದಿನ ಗೋಡೆಗೆ ಒತ್ತಿ ಬಿಗಿಯಬೇಕು. ಸ್ಕೋಪ್ ಯಾವ ಕಡೆ ಹೋಗಲು ನೋಡುತ್ತದೋ ಆ ಕಡೆಯ ಗೋಡೆಗೆ ಮೊದಲೇ ತಾಗಿಸಿಡುವುದು, ಅಷ್ಟೇ ಲೆಕ್ಕ.

ನಿಮ್ಮ ರೈಫಲಿನಲ್ಲಿ ತೂತು ಇಲ್ಲದಿದ್ದರೆ ಮೌಂಟಿನ ಹಿಂದೆ ಡವ್‌ಟೇಲಿಗೆ ಹಿಡಿಸುವ ಸಣ್ಣ ಸ್ಟಾಪರ್ ಬ್ಲಾಕ್ ಸಿಗುತ್ತದೆ, ಅದನ್ನು ಹಾಕಿ. ಯಾರ ಮಾತನ್ನೂ ಕೇಳಿ ಕೊಳವೆಗೆ ಡ್ರಿಲ್ ಹಾಕಿಸಬೇಡಿ. ಆ ತೆಳು ಗೋಡೆಯ ಒಳಗೇ ಪಿಸ್ಟನ್ ಓಡಾಡುತ್ತದೆ.

ಮೌಂಟ್ ಕೂತಿತು. ಈಗ ಸ್ಕೋಪನ್ನು ರಿಂಗಿನ ಮೇಲೆ ಮಲಗಿಸಿ, ರಿಂಗಿನ ಮೇಲಿನ ಅರ್ಧವನ್ನು, ಅಂದರೆ ಟೋಪಿಯನ್ನು, ಇಟ್ಟು ಅದರ ಸ್ಕ್ರೂ ಸುಮ್ನೆ ಬೆರಳಲ್ಲಿ ತಿರುಗಿಸಿಡಿ. ಝೂಮ್ 9ಕ್ಕೆ ತಿರುಗಿಸಿ, ಏಕೆಂದರೆ ಕಣ್ಣಿಗೂ ಸ್ಕೋಪಿಗೂ ಬೇಕಾದ ಅಂತರ ಅಲ್ಲಿಯೇ ತೀರ ಕಡಿಮೆ ಆಗುವುದು. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೆ ತಂದು ಕೆನ್ನೆ ಮರಕ್ಕೆ ಒರಗಿಸಿ. ಕಣ್ಣು ಬಿಟ್ಟಾಗ ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ಗುಂಡಗೆ ಕಾಣಬೇಕು. ಕಾಣದಿದ್ದರೆ ತಲೆ ಸರಿಸಬೇಡಿ, ಸ್ಕೋಪನ್ನು ಸರಿಸಿ. ಸಾಮಾನ್ಯವಾಗಿ 75ರಿಂದ 100 ಮಿಲಿಮೀಟರ್ ಅಂತರ ಬರುತ್ತದೆ. ಬ್ಯಾರಲ್ ಪೂರ್ತಿ ಬಗ್ಗಿಸಿ ಪೆಲೆಟ್ ಹಾಕುವಾಗ ಸ್ಕೋಪಿನ ಮುಂಭಾಗ ಕೈಗೆ ಅಡ್ಡ ಬರುತ್ತದೆಯೇ ಅಂತಲೂ ನೋಡಿ.

ಕ್ರಾಸ್‌ಹೇರ್ ನೆಟ್ಟಗಿರಬೇಕು. ಇದಕ್ಕೆ ನಮ್ಮ ಗಾರೆಯವರ ತೂಗುಗುಂಡಿಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಗುರಿಯ ಜಾಗದಲ್ಲಿ ಬಿಳಿ ದಾರಕ್ಕೊಂದು ನಟ್ಟು ಕಟ್ಟಿ ನೇತು ಹಾಕಿ. ರೈಫಲನ್ನು ಮಟ್ಟಗೋಲು ಇಟ್ಟು ಸಮ ಮಾಡಿ, ಸ್ಕೋಪಿನ ಉದ್ದ ಗೆರೆ ದಾರದ ಮೇಲೆ ಬೀಳುವ ಹಾಗೆ ಸ್ಕೋಪನ್ನು ಮೆಲ್ಲಗೆ ತಿರುಗಿಸಿ. ಗೆರೆ ಓರೆಯಾಗಿದ್ದರೆ 20 ಮೀಟರಿನಲ್ಲಿ ಸರಿ ಮಾಡಿದ್ದು 35 ಮೀಟರಿನಲ್ಲಿ ಪಕ್ಕಕ್ಕೆ ಹೋಗುತ್ತದೆ.

ಟೋಪಿಯ ಸ್ಕ್ರೂಗಳನ್ನು ಒಂದೇ ಕಡೆಯಿಂದ ಬಿಗಿಯುತ್ತ ಹೋಗಬೇಡಿ, ಸ್ಕೋಪ್ ಆ ಕಡೆಗೆ ತಿರುಗಿಬಿಡುತ್ತದೆ. ಕಾರಿನ ಚಕ್ರದ ನಟ್ಟಿನ ಹಾಗೆ ಎದುರುಬದುರು, ಒಂದೊಂದಕ್ಕೆ ಕಾಲು ಸುತ್ತು. ಎರಡೂ ಬದಿಯ ಸಂದು ಸಮ ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ಎರಡೂ ಕಡೆ ಒಂದೇ ಥರ ಒಳಗೆ ಹೋಗುತ್ತಾ ನೋಡಿ. ಎಷ್ಟು ಬಿಗಿ? ಮೌಂಟಿನ ಜೊತೆ ಬಂದ ಚೀಟಿಯಲ್ಲಿ ಅಂಕಿ ಇದ್ದರೆ ಅದೇ ಕೊನೆ ಮಾತು. ಇಲ್ಲದಿದ್ದರೆ ಟೋಪಿಯ ಸ್ಕ್ರೂಗೆ 1.7ರಿಂದ 2 ನ್ಯೂಟನ್ ಮೀಟರ್ ಸಾಕು. ಟಾರ್ಕ್ ಡ್ರೈವರ್ ಇಲ್ಲದವರು ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂಗೆ ಹಾಕಿ, ಗಿಡ್ಡ ಕಾಲನ್ನು ಎರಡೇ ಬೆರಳಲ್ಲಿ ತಿರುಗಿಸಿ. ಬೆರಳು ಸೋತಲ್ಲಿಗೆ ನಿಲ್ಲಿಸಿ. ಇಕ್ಕಳ ಹಿಡಿದು ತಿರುಗಿಸಿ ಸ್ಕೋಪಿನ ಕೊಳವೆಯನ್ನೇ ಅಪ್ಪಚ್ಚಿ ಮಾಡಿಕೊಂಡವರನ್ನು ನೋಡಿದ್ದೇನೆ. ಹೊರಗೆ ಉಂಗುರದ ಗುರುತು ಬೀಳುತ್ತದೆ, ಒಳಗೆ ಕ್ರಾಸ್‌ಹೇರ್ ಓಡಾಡುವ ಭಾಗ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಟರೆಟ್ಟನ್ನು, ಅಂದರೆ ಗುರಿ ಹೊಂದಿಸುವ ಗುಂಡಿಯನ್ನು, ಎಷ್ಟು ಕ್ಲಿಕ್ ತಿರುಗಿಸಿದರೂ ಗುರಿ ಕದಲಲ್ಲ.

ಈಗ ಮನೆಯಲ್ಲಿ ಉಗುರಿಗೆ ಹಚ್ಚುವ ಬಣ್ಣ ಇದ್ದರೆ ತನ್ನಿ. ಮೌಂಟಿನಿಂದ ರೈಲಿನ ಮೇಲೆ ದಾಟುವ ಹಾಗೆ ಒಂದು ಸಣ್ಣ ಗೆರೆ. ರಿಂಗಿನಿಂದ ಸ್ಕೋಪಿನ ಕೊಳವೆಯ ಮೇಲೆ ದಾಟುವ ಹಾಗೆ ಇನ್ನೊಂದು. ಯಾವುದೇ ಕೀಲು ಸರಿದರೂ ಆ ಗೆರೆ ಮುರಿಯುತ್ತದೆ, ಯಾವುದು ಸರಿದಿದೆ ಅಂತ ನಿಮಗೆ ಕಣ್ಣಿಗೇ ಕಾಣುತ್ತದೆ.

ಗುರಿ ಕೂರಿಸುವುದು ಸುಲಭ. ಮೊದಲು 10 ಮೀಟರಿನಲ್ಲಿ ಹೊಡೆದು ಕಾಗದದ ಮೇಲೆ ತನ್ನಿ, ಆಮೇಲೆ 20ಕ್ಕೆ ಹೋಗಿ. ಒಂದು ಪೆಲೆಟ್ ನೋಡಿ ತಿರುಗಿಸಬೇಡಿ. ಐದು ಹೊಡೆದು ಅವುಗಳ ನಡು ನೋಡಿ. ನಿಮ್ಮದು ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ ಆಗಿದ್ದರೆ 20 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಒಂದೂವರೆ ಮಿಲಿಮೀಟರ್‌ಗೆ ಸ್ವಲ್ಪ ಕಮ್ಮಿ ಸರಿಯುತ್ತದೆ. ಗುಂಪು ಮೂರು ಸೆಂಟಿಮೀಟರ್ ಕೆಳಗಿದ್ದರೆ ಸುಮಾರು 20 ಕ್ಲಿಕ್ ಮೇಲಕ್ಕೆ.

ಇಲ್ಲೊಂದು ತೊಡಕು ಬರಬಹುದು. ಬ್ರೇಕ್ ಬ್ಯಾರಲ್ ರೈಫಲ್‌ಗಳಲ್ಲಿ ಬ್ಯಾರಲ್ ಮೂತಿ ಸ್ವಲ್ಪ ಕೆಳಗೆ ಬಾಗಿರುವುದು ಮಾಮೂಲು. ಮೇಲಕ್ಕೆ ತಿರುಗಿಸಿ ತಿರುಗಿಸಿ ಟರೆಟ್ ಕೊನೆಗೆ ಬಂದರೂ ಪೆಲೆಟ್ ಇನ್ನೂ ಕೆಳಗೇ ಹೋಗುತ್ತದೆ. ಟರೆಟ್ಟನ್ನು ಹಾಗೆ ಕೊನೆಯಲ್ಲಿ ಬಿಟ್ಟರೆ ಒಳಗಿನ ಸ್ಪ್ರಿಂಗಿಗೆ ಬಿಗಿ ಇರಲ್ಲ, ಗುರಿ ತೇಲಾಡುತ್ತದೆ. ಆಗ ಟರೆಟ್ಟನ್ನು ನಡುವಿಗೆ ತಂದು, ಹಿಂದಿನ ರಿಂಗಿನ ಒಳಗೆ, ಸ್ಕೋಪಿನ ಕೆಳಗೆ, ಹಳೇ ಕ್ಯಾಮೆರಾ ಫಿಲ್ಮಿನ ಒಂದು ತುಂಡು ಇಡಬಹುದು. ರಿಂಗ್‌ಗಳ ನಡುವೆ 100 ಮಿಲಿಮೀಟರ್ ಇದ್ದು ಹಿಂದುಗಡೆ 0.1 ಮಿಲಿಮೀಟರ್ ಎತ್ತಿದರೆ, 20 ಮೀಟರಿನಲ್ಲಿ ಪೆಲೆಟ್ ಎರಡು ಸೆಂಟಿಮೀಟರ್ ಮೇಲೆ ಬರುತ್ತದೆ. ಇದು ಮೌಂಟ್ ಮತ್ತು ರೈಲಿನ ಮಧ್ಯೆ ಇಡುವುದಲ್ಲ, ನೆನಪಿರಲಿ. ಒಂದು ತುಂಡಿಗಿಂತ ಜಾಸ್ತಿ ಬೇಕಾದರೆ ಸ್ಕೋಪ್ ಬಾಗುತ್ತದೆ. ಈ ಬಾಗಿಗಾಗಿಯೇ ಹಿಂದೆ ಎತ್ತರ ಇಟ್ಟು ಮಾಡಿದ ಮೌಂಟ್ ಸಿಗುತ್ತದೆ, ಅದನ್ನೇ ತಗೊಳ್ಳಿ.

ಸ್ಕೋಪಿನ ಬಗ್ಗೆಯೂ ಒಂದು ಮಾತು. ಡಬ್ಬದ ಮೇಲೆ ಸ್ಪ್ರಿಂಗ್ ಏರ್ ರೈಫಲಿಗೆ ಆಗುತ್ತದೆ ಅಂತ ಬರೆದಿದೆಯಾ ನೋಡಿ. ಹಿಂದಿನ ಒದೆತವನ್ನಷ್ಟೇ ತಾಳುವ ಹಾಗೆ ಮಾಡಿದ ಸ್ಕೋಪಿಗೆ ಮುಂದಿನ ಜಗ್ಗಾಟ ಆಗಿಬರುವುದಿಲ್ಲ. ಬಹಳ ವರ್ಷಗಳ ಹಿಂದೆ .22 ರೈಫಲಿನ ಸ್ಕೋಪೊಂದನ್ನು ನನ್ನ ಸ್ಪ್ರಿಂಗ್ ರೈಫಲಿಗೆ ಹಾಕಿದ್ದೆ. ಎರಡೇ ವಾರದಲ್ಲಿ ಕ್ರಾಸ್‌ಹೇರ್ ಒಳಗೇ ಕಿತ್ತು ಓರೆಯಾಗಿ ನೇತಾಡುತ್ತಿತ್ತು. ಒಳ್ಳೆಯ ಸ್ಕೋಪ್, ತುಂಬ ಬೇಜಾರಾಯಿತು. ಇನ್ನೊಂದು, ಬಂದೂಕಿಗಾಗಿ ಮಾಡಿದ ಸ್ಕೋಪ್‌ಗಳನ್ನು ಹೆಚ್ಚಾಗಿ 100 ಗಜಕ್ಕೆ, ಅಂದರೆ 91 ಮೀಟರಿಗೆ, ಹೊಂದಿಸಿರುತ್ತಾರೆ. 20 ಮೀಟರಿನಲ್ಲಿ ಅದು ಮಸುಕಾಗಿ ಕಾಣುತ್ತದೆ, ಕಣ್ಣು ಸ್ವಲ್ಪ ಸರಿದರೂ ಗುರಿ ಸರಿದ ಹಾಗಾಗುತ್ತದೆ. ನಿಮ್ಮದರಲ್ಲಿ ದೂರ ಹೊಂದಿಸುವ ಬಳೆ ಇಲ್ಲದಿದ್ದರೆ ಝೂಮ್ 4ಕ್ಕೇ ಇಟ್ಟು ಹೊಡೆಯಿರಿ.

ಬ್ಯಾರಲ್ ಬಗ್ಗುವ ಕೀಲಿನ ಬೋಲ್ಟು, ಮರವನ್ನು ಹಿಡಿದಿರುವ ಸ್ಕ್ರೂ ಇವನ್ನೂ ಒಮ್ಮೆ ಬಿಗಿ ಮಾಡಿ. ಹೊಡೆಯುವಾಗ ರೈಫಲನ್ನು ಗಟ್ಟಿ ಕಲ್ಲಿನ ಮೇಲೋ ಮೇಜಿನ ಅಂಚಿಗೋ ಒರಗಿಸಬೇಡಿ. ಅಂಗೈ ಮೇಲೆ ಹಗುರವಾಗಿ ಮಲಗಲಿ. ನಮ್ಮಲ್ಲಿ 20 ಜೂಲ್ ಒಳಗಿನ .177 ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ, ಆದರೆ ಗುರಿಯ ಹಿಂದೆ ಮಣ್ಣಿನ ದಿಬ್ಬ ಬೇಕೇ ಬೇಕು. ತೋಟದಲ್ಲಿ ಕೂಲಿಯವರು, ಮಕ್ಕಳು ಓಡಾಡುತ್ತಾರೆ ಅಲ್ವಾ? ಹಕ್ಕಿಗಳ ಕಡೆ ತಿರುಗಿಸಲೇಬೇಡಿ, 1972ರ ವನ್ಯಜೀವಿ ಕಾಯ್ದೆ ಅದಕ್ಕೆ ಬಿಡುವುದಿಲ್ಲ.

ಇಷ್ಟಾದ ಮೇಲೆ ಐವತ್ತು ಪೆಲೆಟ್ ಹೊಡೆದು ಆ ಬಣ್ಣದ ಗೆರೆ ನೋಡಿ. ರೈಲಿನ ಮೇಲಿನ ಗೆರೆ ಮುರಿದಿದ್ದರೆ ಪಿನ್ ತೂತಿನ ಗೋಡೆಗೆ ತಾಗಿ ನಿಂತಿಲ್ಲ. ಬಿಚ್ಚಿ, ಎಣ್ಣೆ ಒರೆಸಿ, ಮತ್ತೆ ಹಿಂದಕ್ಕೆ ಒತ್ತಿ ಕೂರಿಸಿ. ಸ್ಕೋಪಿನ ಮೇಲಿನ ಗೆರೆ ಮುರಿದಿದ್ದರೆ ರಿಂಗಿನ ಒಳಗೆ ಎಣ್ಣೆ ಉಳಿದಿದೆ, ಇಲ್ಲವೇ ಟೋಪಿ ಸಡಿಲ ಇದೆ. ಎರಡೂ ಗೆರೆ ನೆಟ್ಟಗಿದ್ದು ಪೆಲೆಟ್ ಆಗಲೂ ಚದುರುತ್ತಿದ್ದರೆ, ಸ್ಕೋಪ್ ಬಿಚ್ಚಿಟ್ಟು ರೈಫಲಿನದೇ ಕಬ್ಬಿಣದ ಸೈಟಿನಲ್ಲಿ (ಗುರಿ ನೋಡುವ ಕಚ್ಚು ಮತ್ತು ಮೊನೆಯಲ್ಲಿ) ಹತ್ತು ಹೊಡೆದು ನೋಡಿ. ಅದರಲ್ಲಿ ಗುಂಪು ಚಿಕ್ಕದಾಗಿ ಬಿದ್ದರೆ ಆಗ ತಪ್ಪು ಸ್ಕೋಪಿನದೇ, ಬದಲಾಯಿಸಿ. ಮೌಂಟ್ ಮಾತ್ರ ಇದ್ದಲ್ಲೇ ಇರಲಿ.